ಹಳದಿ ಹೂವಿನ ಈ ಪೊದೆ ತಂಗಡಿಯೋ, ದೊಡ್ಡ ತಗಚೆಯೋ?

ಪ್ರಶ್ನೆ: ಶಿರಾ ಕಡೆಯ ಕಲ್ಲುಗುಡ್ಡದಲ್ಲಿ ಎದೆಯೆತ್ತರದ ಪೊದೆ, ಮೈತುಂಬ ಹಳದಿ ಹೂ. ಕೆಲವರು ತಂಗಡಿ (ಆವರಿಕೆ) ಅಂತಾರೆ, ಕೆಲವರು ದೊಡ್ಡ ತಗಚೆ. ಹೂ ಒಣಗಿಸಿ ಕಷಾಯಕ್ಕೆ ಇಡೋಣ ಅಂತ. ಖಚಿತ ಮಾಡಿಕೊಳ್ಳೋದು ಹೇಗೆ? ಅವರೆ ಕುಟುಂಬದ್ದು ಅಂದರೂ ಹೂ ಅವರೆ ಹೂವಿನ ಹಾಗಿಲ್ಲವಲ್ಲ?

ಉತ್ತರ: ಹೂವಿನ ಫೋಟೋ ಒಂದನ್ನೇ ನೋಡಿ ಹೇಳಬೇಡಿ ಸರ್, ಈ ಗುಂಪಿನ ಹೂಗಳೆಲ್ಲ ಹೆಚ್ಚುಕಡಿಮೆ ಹಾಗೇ ಕಾಣುತ್ತವೆ. ಎಳೆ ಕೊಂಬೆ ಹಿಡಿದು, ಎಲೆತೊಟ್ಟು ಕಾಂಡಕ್ಕೆ ಸೇರುವ ಜಾಗ ನೋಡಿ. ಎರಡೂ ಪಕ್ಕ ಕಿವಿಯ ಹಾಗೆ ಅಗಲವಾದ, ದುಂಡನೆಯ ಪುಟ್ಟ ಹಸಿರು ಎಲೆ ಇದ್ದರೆ ತಂಗಡಿ. ಹಳೇ ಕೊಂಬೆಯಲ್ಲಿ ಅದು ಉದುರಿರಬಹುದು, ಚಿಗುರಲ್ಲೇ ಹುಡುಕಿ. ಆಮೇಲೆ ಬಲಿತ ಎಲೆಯೊಂದರ ದಂಟಿನಲ್ಲಿ ಕಿರುಎಲೆಗಳ ಜೋಡಿ ಎಣಿಸಿ: ತಂಗಡಿಗೆ ಸಾಮಾನ್ಯವಾಗಿ 8ರಿಂದ 12, ತುದಿಯಲ್ಲಿ ಒಂಟಿ ಕಿರುಎಲೆ ಇರೋಲ್ಲ. ಪ್ರತಿ ಜೋಡಿಯ ನಡುವೆ ದಂಟಿನ ಮೇಲೆ ನೆಟ್ಟಗೆ ನಿಂತ ಸಣ್ಣ ಗ್ರಂಥಿ (ಪುಟ್ಟ ಗುಬುಟು) ಇರುತ್ತೆ. ಲೆನ್ಸ್ ಇದ್ದರೆ ಒಳ್ಳೇದು.

ಉತ್ತರ: ದೊಡ್ಡ ತಗಚೆಗೆ 3ರಿಂದ 5 ಜೋಡಿ ಅಷ್ಟೆ, ಎಲೆ ಚೂಪು, ಗ್ರಂಥಿ ತೊಟ್ಟಿನ ಬುಡದಲ್ಲಿ ಒಂದೇ. ಎಲೆ ಉಜ್ಜಿದರೆ ಕೆಟ್ಟ ವಾಸನೆ. ಇದನ್ನು ತಮಾಷೆಯಾಗಿ ತಗೋಬೇಡಿ: ಪಶ್ಚಿಮ ಉತ್ತರ ಪ್ರದೇಶದಲ್ಲಿ ಇದರ ಬೀಜ ತಿಂದ ಮಕ್ಕಳಿಗೆ ಮೆದುಳು, ಯಕೃತ್ತು, ಸ್ನಾಯುಗಳಿಗೇ ಪೆಟ್ಟು ಬಿದ್ದು ಸಾವುಗಳೂ ಆಗಿವೆ. ಮೂಲ ಅಮೆರಿಕ, ನಮ್ಮ ನೆಲದ್ದಲ್ಲ. ತಂಗಡಿ ಇಲ್ಲಿಯದೇ, ತೆಲಂಗಾಣದ ರಾಜ್ಯಪುಷ್ಪ, ಬತುಕಮ್ಮ ಹಬ್ಬಕ್ಕೆ ಬೇಕೇ ಬೇಕು. ತೊಗಲು ಹದ ಮಾಡೋಕೆ ಇದರ ತೊಗಟೆ ಬಳಸುತ್ತಿದ್ದರು.

ಉತ್ತರ: ಹೂವಿನ ಬಗ್ಗೆ: ಅವರೆಯ ಚಿಟ್ಟೆಯಾಕಾರ ಈ ಕುಟುಂಬದ ಒಂದು ಶಾಖೆಗೆ ಮಾತ್ರ. ತಂಗಡಿ ಕಕ್ಕೆಯ ಕಡೆಯದು, ಐದು ಎಸಳೂ ಬಿಡಿಬಿಡಿ. 10 ಕೇಸರಗಳಲ್ಲಿ ಮೇಲಿನ 3 ಚಿಕ್ಕವು, ಪರಾಗ ಕೊಡೋಲ್ಲ. ಕುಟುಂಬ ಗೊತ್ತಾಗೋದು ಕಾಯಲ್ಲಿ: ತಂಗಡಿಯದು ಚಪ್ಪಟೆ, ತೆಳ್ಳಗೆ, ಒಣಗಿದರೆ ಕಾಗದದ ಹಾಗೆ. ತೋಟದಲ್ಲಿ ನೆಡೋ ಇನ್ನೊಂದು ಹಳದಿ ಪೊದೆಗೆ ಗ್ರಂಥಿ ಕೆಳಗಿನ ಎರಡು ಮೂರು ಜೋಡಿಗಳ ನಡುವೆ ಮಾತ್ರ, ಕಿವಿಯೂ ಇಲ್ಲ.

ಕೇಳಿದವರು: ನೋಡಿದೆ, 10 ಜೋಡಿ, ಕಿವಿ ಇದೆ. ಗ್ರಂಥಿ ಮೇಲಿನವರೆಗೂ ಇವೆ.

ಉತ್ತರ: ಹಾಗಾದರೆ ತಂಗಡಿಯೇ. ರಸ್ತೆಬದಿಯ, ಔಷಧಿ ಹೊಡೆದ ಹೊಲದಂಚಿನ ಹೂ ಬೇಡ. ಪ್ರತಿ ಗಿಡದಲ್ಲೂ ಕಿವಿ ನೋಡಿಯೇ ಕೀಳಿ, ಎರಡೂ ಜಾತಿ ಒಂದೇ ಕಡೆ ಬೆಳೆದಿರಬಹುದು. ತೆಳ್ಳಗೆ ಹರಡಿ ನೆರಳಲ್ಲಿ ಒಣಗಿಸಿ. ಒತ್ತಾಗಿ ಹಾಕಿದರೆ ಬೂಷ್ಟು ಹಿಡಿಯುತ್ತೆ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಕಷಾಯ ಕುಡಿಯಬೇಡಿ.