‘ಪ್ರಯಾಣ ಬೆಳೆಸು’: ಇಲ್ಲಿ ಬೆಳೆಯುವುದು ಯಾವುದು?

ಗೆಳೆಯರೇ,

ಪ್ರವಾಸ ಹೋಗುತ್ತೇವೆ, ಯಾತ್ರೆ ಮಾಡುತ್ತೇವೆ. ಪ್ರಯಾಣವನ್ನು ಮಾತ್ರ ‘ಬೆಳೆಸುತ್ತೇವೆ’. ‘ರಾಜಕುಮಾರ ಕಾಡಿನ ಕಡೆಗೆ ಪ್ರಯಾಣ ಬೆಳೆಸಿದ’ ಎಂದು ಕತೆಗಳಲ್ಲಿ ಓದುತ್ತಲೇ ದೊಡ್ಡವರಾದವರು ನಾವು. ಈ ‘ಬೆಳೆಸು’ ಇಲ್ಲಿಗೆ ಹೇಗೆ ಬಂತು, ಯಾವ ಅರ್ಥ ಹೊತ್ತು ಬಂತು ಎನ್ನುವುದು ನನ್ನ ಪ್ರಶ್ನೆ.

ಸುಮ್ನೆ ಕೇಳುತ್ತಿಲ್ಲ. ಕಾದಂಬರಿಯ ಪಾತ್ರವೊಂದು ಊರು ಬಿಟ್ಟು ಹೊರಟು, ದಾರಿಯಲ್ಲೇ ಬೇರೆ ಮನುಷ್ಯನಾಗುತ್ತದಲ್ಲ, ಅದರ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಇದಕ್ಕೆ ‘ವ್ಯಕ್ತಿತ್ವದ ಪಯಣ’ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಟೀವಿ ಸಂದರ್ಶನಗಳಲ್ಲಿ ಎಲ್ಲರೂ ‘ನನ್ನ ಜರ್ನಿ’ ಅಂತಾರೆ. ಅದೇ ಮರುದಿನ ಪತ್ರಿಕೆಯಲ್ಲಿ ‘ಪಯಣ’ವಾಗಿ ಅಚ್ಚಾಗುತ್ತದೆ. ಕನ್ನಡದ ಕಿವಿಗೆ ಆ ಪದ ಅಷ್ಟು ಭಾರ ಹೊರುತ್ತದೆಯೇ?

ನನ್ನ ಊಹೆ ಹೀಗಿದೆ. ‘ಮಾತು ಬೆಳೆಸಬೇಡ’ ಎಂದರೆ ಉದ್ದ ಮಾಡಬೇಡ ಎಂದರ್ಥ. ‘ಸ್ನೇಹ ಬೆಳೆಸಿದ’ ಎನ್ನುವಾಗ ಶುರುಮಾಡಿದ, ಮುಂದುವರಿಸಿದ ಎರಡೂ ಸೇರಿರುತ್ತವೆ. ‘ಪ್ರಯಾಣ ಬೆಳೆಸಿದ’ ಕೂಡ ಈ ಸಾಲಿನದೇ ಇರಬೇಕು: ಹೊರಟ, ದಾರಿಯನ್ನು ಉದ್ದಕ್ಕೆ ಎಳೆದ. ಬೆಳೆಯುವುದು ದಾರಿ, ಹೋಗುವವನಲ್ಲ. ಹಾಗಿದ್ದರೆ ಮನುಷ್ಯನ ಬೆಳವಣಿಗೆಯನ್ನು ಈ ಮಾತಿನೊಳಗೆ ಹುಡುಕುವುದು ನಮ್ಮ ಕಾಲದವರ ಆಸೆ ಅಷ್ಟೆ.

ಇನ್ನೊಂದು ವಿಷಯ ಗಮನಿಸಿ. ಬದುಕಿಗೆ ಹೋಲಿಸುವಾಗ ಯಾತ್ರೆ, ಪಯಣಗಳು ಜಾಸ್ತಿ ವಾಲುವುದು ಸಾವಿನ ಕಡೆಗೆ. ಜೀವನಯಾತ್ರೆ ಮುಗಿಸಿದರು, ಅಂತಿಮಯಾತ್ರೆ, ಪಯಣ ಮುಗಿಸಿದ ಹಿರಿಯ ಕಲಾವಿದ. ಬೆಳೆದವನ ಬಗ್ಗೆ ಮಾತಾಡುವಾಗ ನಾವು ಅವನನ್ನು ನಿಲ್ಲಿಸಿಬಿಡುತ್ತೇವೆ. ತನ್ನ ಕಾಲ ಮೇಲೆ ನಿಂತ. ಒಂದು ನೆಲೆಗೆ ಬಂದ. ದಡ ಮುಟ್ಟಿದ. ನಡೆಯುತ್ತಲೇ ಇರುವವನು ನಮ್ಮ ಆಡುಮಾತಿನಲ್ಲಿ ಇನ್ನೂ ನೆಲೆ ಕಾಣದವನು, ಅಲ್ವಾ?

ಕುವೆಂಪು ‘ಅನಿಕೇತನ’ದಲ್ಲಿ ‘ಎಲ್ಲಿಯೂ ನಿಲ್ಲದಿರು, ಮನೆಯನೆಂದೂ ಕಟ್ಟದಿರು, ಕೊನೆಯನೆಂದೂ ಮುಟ್ಟದಿರು’ ಎಂದಾಗ ಈ ರೂಢಿಯನ್ನೇ ಎದುರಿಸಿದರು ಅನ್ನಿಸುತ್ತದೆ. ಮನೆಯವರು ಹರಸುವಾಗ ಏನೇನು ಬಯಸುತ್ತಾರೋ, ಅದೆಲ್ಲವನ್ನೂ ಆ ಸಾಲು ಬೇಡ ಅನ್ನುತ್ತದೆ.

ಅಕ್ಕಮಹಾದೇವಿಯನ್ನು ನೋಡಿ. ಉಡುತಡಿಯಿಂದ ಕಲ್ಯಾಣ, ಅಲ್ಲಿಂದ ಶ್ರೀಶೈಲ. ಇಷ್ಟು ದೂರ ನಡೆದವಳ ವಚನ ಹೀಗಿದೆ: ‘ಹಸಿವಾದೊಡೆ ಊರೊಳಗೆ ಭಿಕ್ಷಾನ್ನಗಳುಂಟು, ತೃಷೆಯಾದೊಡೆ ಕೆರೆ ಹಳ್ಳ ಬಾವಿಗಳುಂಟು, ಶಯನಕ್ಕೆ ಪಾಳುದೇಗುಲಗಳುಂಟು’. ಊಟ, ನೀರು, ಮಲಗಲು ಜಾಗ. ಕೊನೆಗೆ ಜೊತೆ: ‘ಆತ್ಮಸಂಗಾತಕ್ಕೆ ನೀನೆನಗುಂಟು’. ದಾರಿಹೋಕರಿಗೆ ಬೇಕಾದದ್ದೆಲ್ಲ ಇಲ್ಲಿದೆ. ಯಾತ್ರೆ, ಪಯಣ ಎಂಬ ಪದಗಳಿಲ್ಲ. ಮೂರು ಅಗತ್ಯಗಳು ಹೊರಗಿನ ದಾರಿಯವು, ನಾಲ್ಕನೆಯದು ಒಳಗಿನದು. ಆ ದಾಟು ನಮಗೆ ತಿಳಿಯುವ ಮೊದಲೇ ಆಗಿಹೋಗಿರುತ್ತದೆ. ಎಷ್ಟು ಸಲ ಓದಿದರೂ ನನಗೆ ಮೈ ಜುಂ ಅನ್ನುವ ಜಾಗ ಅದು.

ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಕೊನೆಯ ಭಾಗಕ್ಕೂ ಹೆಸರು ಹುಡುಕುವುದು ಕಷ್ಟ. ಪ್ರಾಣೇಶಾಚಾರ್ಯರು ಹೆಂಡತಿಯ ಶವ ಸುಟ್ಟು, ಅಗ್ರಹಾರ ಬಿಟ್ಟು, ಕಾಲು ಹೋದ ಕಡೆ ನಡೆಯುತ್ತಾರೆ. ದಾರಿಯಲ್ಲಿ ಪುಟ್ಟ ಅಂಟಿಕೊಳ್ಳುತ್ತಾನೆ. ಒಗಟು ಕೇಳುತ್ತಾನೆ, ಮೇಳಿಗೆಯ ತೇರಿಗೆ ಕರೆದೊಯ್ಯುತ್ತಾನೆ. ಕೋಳಿ ಅಂಕ, ಕಾಫಿ ಅಂಗಡಿ, ಸೂತಕದಲ್ಲೇ ದೇವಸ್ಥಾನದ ಪಂಕ್ತಿಯಲ್ಲಿ ಊಟ. ಕೊನೆಗೆ ಸಿಕ್ಕ ಗಾಡಿಯಲ್ಲಿ ಒಬ್ಬರಿಗೇ ಜಾಗ. ಆಚಾರ್ಯರು ಹತ್ತುತ್ತಾರೆ, ಊರು ತಲುಪುವ ಮೊದಲೇ ಕಾದಂಬರಿ ಮುಗಿಯುತ್ತದೆ. ದೇವರಿಗಾಗಿ ಹೊರಟದ್ದಲ್ಲ, ಆದ್ದರಿಂದ ಯಾತ್ರೆಯಲ್ಲ. ನೋಡಲು ಹೊರಟದ್ದಲ್ಲ, ಪ್ರವಾಸವೂ ಅಲ್ಲ. ದಡ ಮುಟ್ಟಿದರು ಅನ್ನೋಣವೆಂದರೆ ಲೇಖಕರು ಮುಟ್ಟಿಸಲೇ ಇಲ್ಲ. ಭೈರಪ್ಪನವರು ವ್ಯಾಪಾರಿಗಳ ತಂಡಕ್ಕಿದ್ದ ‘ಸಾರ್ಥ’ ಎಂಬ ಹಳೆಯ ಪದವನ್ನೇ ತಮ್ಮ ಕಾದಂಬರಿಗೆ (1998) ಹೆಸರಿಟ್ಟು ಈ ತೊಡಕಿನಿಂದ ಪಾರಾದರು.

ನನಗೆ ಹಿಡಿಸಿರುವುದು ‘ನಡೆ’. ಕಾಲಿನ ನಡೆಯೂ ಬಾಳಿನ ನಡೆಯೂ ಕನ್ನಡದಲ್ಲಿ ಒಂದೇ ಪದ. ನಡತೆ, ನಡವಳಿಕೆ, ನಡೆ-ನುಡಿ ಎಲ್ಲ ಅಲ್ಲಿಂದಲೇ ಬಂದವು. ‘ನುಡಿಯೊಳಗಾಗಿ ನಡೆಯದಿದ್ದರೆ’ ಎಂದು ಬಸವಣ್ಣ ಕೇಳಿದಾಗ ಯಾರೂ ಕಾಲು ನೋಡಿಕೊಳ್ಳಲಿಲ್ಲ. ತೊಂದರೆ ಏನೆಂದರೆ, ಇವತ್ತಿನ ಪತ್ರಿಕೆಗಳು ಈ ಪದವನ್ನು ರಾಜಕೀಯಕ್ಕೆ ಕೊಟ್ಟುಬಿಟ್ಟಿವೆ. ‘ಆಚಾರ್ಯರ ನಡೆ’ ಎಂದು ತಲೆಬರಹ ಕೊಟ್ಟರೆ ಅವರು ಯಾವ ಪಕ್ಷ ಸೇರಿದರೋ ಎಂದು ಓದುಗರು ಹುಡುಕುತ್ತಾರೆ. ‘ಹಾದಿ’ ಇದಕ್ಕಿಂತ ವಾಸಿಯೇ? ‘ದಾರಿಗೆ ಬಂದ’ ಎಂದರೆ ತಿದ್ದಿಕೊಂಡ ಎಂದಾಗುತ್ತದೆ, ನನಗೆ ಬೇಕಿರುವುದು ಅದಲ್ಲ.

ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಹತ್ತಿರವಿರುವವರು ‘ಬೆಳಸು, ಬೆಳೆಸು’ ಕೆಳಗೆ ಪಯಣದ ಜೊತೆ ಬಂದ ಹಳೆಯ ಪ್ರಯೋಗ ಇದೆಯೇ ಎಂದು ನೋಡಿ, ಸಾಲು ಸಮೇತ ಕಳಿಸಿ. ಹಾಗೆಯೇ, ನಿಮ್ಮ ಊರಿನ ಕಡೆ ಯಾರಾದರೂ ‘ಪ್ರಯಾಣ ಬೆಳೆಸಿದ’ ಎಂದು ಬಾಯಲ್ಲಿ ಆಡುತ್ತಾರೆಯೇ? ನಾನು ಕೇಳಿರುವುದು ಯಕ್ಷಗಾನದ ಅರ್ಥಗಾರಿಕೆಯಲ್ಲಿ ಮತ್ತು ಹರಿಕತೆಯಲ್ಲಿ ಮಾತ್ರ. ಅದೇ ಇದರ ತವರೋ, ಅಥವಾ ಅಲ್ಲಿಗೂ ಪುಸ್ತಕದಿಂದಲೇ ಹೋಯಿತೋ?