ಸೆಕೆಂಡ್ ಹ್ಯಾಂಡ್ ವಾಕಿಟಾಕಿ ಪ್ರೋಗ್ರಾಮ್ ಆಗ್ತಿಲ್ಲ: ರೇಡಿಯೋ ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಹಾಸನದ ಸದಸ್ಯ: ಸರ್, ನಮಸ್ಕಾರ. ಹಳೇ ಬಾವೋಫೆಂಗ್ ಯುವಿ-5ಆರ್ ತಗೊಂಡಿದ್ದೇನೆ. ಕಂಪ್ಯೂಟರ್‌ನಿಂದ ಸೆಟ್‌ಗೆ ಚಾನೆಲ್ ತುಂಬುವ ಚರ್ಪ್ ಸಾಫ್ಟ್‌ವೇರ್‌ನಲ್ಲಿ ರೀಡ್ ಕೊಟ್ಟರೆ 'ರೇಡಿಯೋ ಡಿಡ್ ನಾಟ್ ರೆಸ್ಪಾಂಡ್' ಅಂತ ಬರುತ್ತದೆ. ಸೆಟ್ ಕೆಟ್ಟಿದೆಯಾ?

ಮೆಕ್ಯಾನಿಕ್: ನಮಸ್ಕಾರ. ಸೆಟ್ ಕೆಟ್ಟಿರುವುದು ಕಡಿಮೆ. ಮೊದಲು ಸೆಟ್‌ಗೆ ಚುಚ್ಚಿದ ಕೇಬಲ್‌ನ ಪ್ಲಗ್ ಒತ್ತಿ, 'ಟಕ್' ಅಂತ ಪೂರ್ತಿ ಕೂರಬೇಕು. ಆಮೇಲೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಕೇಬಲ್‌ಗೆ ಯಾವ ಕಾಮ್ ಪೋರ್ಟ್ ನಂಬರ್ ಬಂದಿದೆ ನೋಡಿ, ಚರ್ಪ್‌ನಲ್ಲೂ ಅದನ್ನೇ ಆರಿಸಿ. ಅಲ್ಲಿ 'ಕೋಡ್ 10' ಅಥವಾ 'ಫೇಸ್ಡ್ ಔಟ್ ಸಿನ್ಸ್ 2012' ಅಂತಿದ್ದರೆ ಕೇಬಲ್ ಒಳಗಿನ ಪ್ರೊಲಿಫಿಕ್ ಕಂಪನಿಯ ಚಿಪ್ ಹಳೇದು, ಇಲ್ಲವೇ ನಕಲಿ. ಡ್ರೈವರ್ 3.2.0.0 ಆರಿಸಿದರೆ ಸಾಮಾನ್ಯವಾಗಿ ನಡೆಯುತ್ತದೆ. ಎಫ್‌ಟಿಡಿಐ ಕಂಪನಿಯ ಚಿಪ್ ಇರುವ ಕೇಬಲ್ ತಂದರೆ ಈ ತಲೆನೋವೇ ಇಲ್ಲ.

ಮೈಸೂರಿನ ಸದಸ್ಯ: ಮ್ಯಾಕ್‌ನಲ್ಲಿ ಹೇಗೆ ಸರ್?

ಶಿರಸಿಯ ಸದಸ್ಯೆ: ನನಗೆ ವಿಯು3 ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಇದೆ. ಅಣ್ಣ ಮೊನ್ನೆ ಯಾರದೋ ಇಮೇಜ್ ಫೈಲ್ (ಅವರ ಸೆಟ್‌ನಿಂದ ರೀಡ್ ಮಾಡಿ ಉಳಿಸಿದ್ದು) ನನ್ನ ಹಳೇ ಸೆಟ್‌ಗೆ ಹಾಕಿದ. ಅವತ್ತಿಂದ ಪಕ್ಕದ ಕೋಣೆಯಿಂದ ಮಾತಾಡಿದರೂ ಕೇಳಿಸುವುದಿಲ್ಲ. ಈಗ ಕೇಬಲ್ ಚುಚ್ಚಿದರೆ ಕೆಂಪು ದೀಪ ಹತ್ತಿ ಆರುವುದೇ ಇಲ್ಲ. ಆಂಟೆನಾ ಬಿಚ್ಚಿಟ್ಟಿದ್ದೆ. ಸೆಟ್ ಹಿಂಭಾಗ ಬಿಸಿಯಾಗಿದೆ.

ಮೆಕ್ಯಾನಿಕ್: ಮೇಡಂ, ಮೊದಲು ಕೇಬಲ್ ಕೀಳಿ, ಬ್ಯಾಟರಿ ತೆಗೆಯಿರಿ. ಕೆಂಪು ದೀಪ ಅಂದರೆ ಸೆಟ್ ಟ್ರಾನ್ಸ್‌ಮಿಟ್ ಮಾಡುತ್ತಿದೆ. ಮೈಕ್, ಪಿಟಿಟಿ (ಮಾತಾಡಲು ಒತ್ತುವ ಬಟನ್), ಡೇಟಾ ಮೂರೂ ಅದೇ ಎರಡು ಪಿನ್ನಿನ ತೂತಲ್ಲಿ ಹೋಗುತ್ತವೆ. ಪ್ಲಗ್ ಅರ್ಧ ಕೂತಿದ್ದರೆ, ಅಥವಾ ಕೇಬಲ್‌ಗೆ ಯುಎಸ್‌ಬಿ ಕಡೆಯಿಂದ ಕರೆಂಟ್ ಇಲ್ಲದಿದ್ದರೆ, ಯಾರೋ ಪಿಟಿಟಿ ಒತ್ತಿದ್ದಾರೆ ಅಂತ ಸೆಟ್ ತಿಳಿಯುತ್ತದೆ. ಆಂಟೆನಾ ಇಲ್ಲದಾಗ ಪವರ್ ಹೊರಗೆ ಹೋಗದೆ ವಾಪಸ್ ಬಂದು ಆಂಟೆನಾಗೆ ಪವರ್ ಕೊಡುವ ಫೈನಲ್ ಟ್ರಾನ್ಸಿಸ್ಟರ್ ಸುಡಬಹುದು. ನನಗೆ ಚಿಂತೆ ಇರುವುದು ಅದರದ್ದೇ. ಪೂರ್ತಿ ಆರಲಿ. ಆಮೇಲೆ ಆಂಟೆನಾ ಹಾಕಿ, ಕೇಬಲ್ ಮೊದಲು ಕಂಪ್ಯೂಟರ್‌ಗೆ, ನಂತರ ಆಫ್ ಇರುವ ಸೆಟ್‌ಗೆ, ಕೊನೆಗೆ ಸ್ವಿಚ್ ಆನ್.

ಕೇಳಿಸದಿರುವುದು ಬೇರೆ ವಿಷಯ. ಪಕ್ಕದ ಮೋನಿ ಬಟನ್ ಒತ್ತಿ ಹಿಡಿಯಿರಿ. 'ಸುಯ್' ಅಂತ ಸದ್ದು ಬಂದರೆ ರಿಸೀವರ್ ಜೀವಂತ ಇದೆ, ಸೆಟ್ಟಿಂಗ್ ತಪ್ಪಿದೆ. ಮೆನು 10, 11 (ನಿಗದಿತ ಕೋಡ್ ಅಥವಾ ಟೋನ್ ಬಂದರೆ ಮಾತ್ರ ಕೇಳಿಸುವ ಸೆಟ್ಟಿಂಗ್‌ಗಳು) ನೋಡಿ, ಎರಡೂ ಆಫ್ ಇರಬೇಕು. ಅವು ಸರಿಯಿದ್ದರೂ ಕೇಳಿಸದಿದ್ದರೆ ಸ್ಕ್ವೆಲ್ಚ್ (ದುರ್ಬಲ ಸಿಗ್ನಲ್, ಗದ್ದಲ ಕೇಳಿಸದಂತೆ ತಡೆಯುವ ಮಿತಿ) ನೋಡಬೇಕು. ಬೇರೆಯವರ ಇಮೇಜ್‌ನಲ್ಲಿ ಚಾನೆಲ್ ಮಾತ್ರ ಇರುವುದಿಲ್ಲ, ಅವರ ಸೆಟ್‌ನ ಸ್ಕ್ವೆಲ್ಚ್ ಮಟ್ಟಗಳೂ ಇರುತ್ತವೆ. ಎರಡು ಸೆಟ್‌ಗಳ ಫರ್ಮ್‌ವೇರ್ (ಒಳಗಿನ ಪ್ರೋಗ್ರಾಮ್) ವರ್ಷನ್ ಬೇರೆಯಾದರೆ ಚರ್ಪ್ ಆ ಮಟ್ಟಗಳನ್ನು ಕಳಿಸುವುದಿಲ್ಲ. ಒಂದೇ ಆದರೆ ಎಲ್ಲವೂ ಹೋಗಿ ಕೂರುತ್ತದೆ. ಅದಕ್ಕೇ ಯಾವ ಹಳೇ ಸೆಟ್ ಬಂದರೂ ಮೊದಲು ಅದನ್ನೇ ರೀಡ್ ಮಾಡಿ, ಸೇವ್ ಮಾಡಿಟ್ಟು, ಆಮೇಲೆ ಕೈ ಹಾಕಬೇಕು.

ತುಮಕೂರಿನ ಸದಸ್ಯ: ಫಾರ್ವರ್ಡ್ ಬಂದಿದೆ, ಉಪಯೋಗ ಆಗಬಹುದು: 'ಪಿನ್‌ಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ, ತೆಂಗಿನೆಣ್ಣೆ ಸವರಿ. ಆಂಟಿವೈರಸ್ ಆಫ್ ಮಾಡಿ ಈ ಲಿಂಕ್‌ನ ಡ್ರೈವರ್ ಹಾಕಿ.'

ಮೆಕ್ಯಾನಿಕ್: ಮೂರೂ ಬೇಡ. ಉಜ್ಜಿದರೆ ಪಿನ್ನಿನ ಲೇಪ ಹೋಗುತ್ತದೆ, ಎಣ್ಣೆಗೆ ಧೂಳು ಅಂಟುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಸಾಕು. ಆಂಟಿವೈರಸ್ ಆಫ್ ಮಾಡು ಅನ್ನುವ ಫೈಲನ್ನು ಯಾಕಾದರೂ ಹಂಚುತ್ತೀರಿ?

ದಾವಣಗೆರೆಯ ಸದಸ್ಯ: ಸರ್, 'ರೇಡಿಯೋ ಡಿಡ್ ನಾಟ್ ರೆಸ್ಪಾಂಡ್' ಬರ್ತಿದೆ.

ಮೆಕ್ಯಾನಿಕ್: ಮೇಲೆ ಬರೆದಿದ್ದೇನೆ. ಪ್ಲಗ್ ಒತ್ತಿ.

ಹುಬ್ಬಳ್ಳಿಯ ಸದಸ್ಯ: ಪೆಂಡಾಲ್ ಕೆಲಸಕ್ಕೆ ಹಳೇ ಸೆಟ್ ತಗೊಂಡೀನ್ರಿ. 136ರಿಂದ 174 ಮೆಗಾಹರ್ಟ್ಸ್ ಎಲ್ಲಾದ್ರಾಗೂ ಮಾತಾಡೋಹಂಗ ಬಿಚ್ಚೋದು ಹೆಂಗ?

ಮಂಗಳೂರಿನ ಹ್ಯಾಮ್: ನಮ್ಮಲ್ಲಿ ವಿಎಚ್‌ಎಫ್ ಹ್ಯಾಮ್ ಬ್ಯಾಂಡ್ ಇರುವುದು 144ರಿಂದ 146 ಮೆಗಾಹರ್ಟ್ಸ್, ಅದೂ ಲೈಸೆನ್ಸ್ ಇದ್ದವರಿಗೆ. ವ್ಯಾಪಾರಕ್ಕೆ ಬಳಸುವಂತಿಲ್ಲ.

ಹುಬ್ಬಳ್ಳಿಯ ಸದಸ್ಯ: ಹಂಗಾದ್ರ 446 ಮೆಗಾಹರ್ಟ್ಸ್‌ಗ ಇಡ್ತೀನಿ. ಅದಕ್ಕ ಲೈಸೆನ್ಸ್ ಬ್ಯಾಡಲ್ಲ?

ಮಂಗಳೂರಿನ ಹ್ಯಾಮ್: 446.0ರಿಂದ 446.2ಕ್ಕೆ ವಿನಾಯಿತಿ ಇದೆ. ಆದರೆ ಕಡಿಮೆ ಪವರ್‌ನ, ಅನುಮತಿ ಪಡೆದ ಸೆಟ್‌ಗೆ ಮಾತ್ರ. ನಿಮ್ಮದಕ್ಕಲ್ಲ.

ಹುಬ್ಬಳ್ಳಿಯ ಸದಸ್ಯ: ಒಂದು ಪರೀಕ್ಷೆ ಪಾಸಾದ್ರ ಆಕಾಶ ನಿಮ್ಮಪ್ಪಂದ ಆಗ್ತೈತೇನ್ರಿ?

ಮಂಗಳೂರಿನ ಹ್ಯಾಮ್: ಅಪ್ಪನ ತನಕ ಹೋಗಬೇಡಿ. ಆ 136–174ರ ಒಳಗೆ ಪೊಲೀಸರ, ಹಡಗಿನವರ ಚಾನೆಲ್‌ಗಳಿವೆ. ನೀವು ಕುರ್ಚಿ ಎಣಿಸುವಾಗ ಯಾರದೋ ತುರ್ತು ಕರೆ ಮುಚ್ಚಿಹೋದರೆ?

ಮೆಕ್ಯಾನಿಕ್: ಇಬ್ಬರೂ ನಿಲ್ಲಿಸಿ. ಲೈಸೆನ್ಸ್ ಇಲ್ಲದವರ ಸೆಟ್ ನಾನು ಬಿಚ್ಚಿಕೊಡುವುದಿಲ್ಲ. ಮುಗೀತು.

ಶಿರಸಿಯ ಸದಸ್ಯೆ: ಸರ್, ಮೋನಿ ಒತ್ತಿದರೆ ಸದ್ದು ಬಂತು! ಮೆನು 11ರಲ್ಲಿ 88.5 ಹರ್ಟ್ಸ್ ಟೋನ್ ಇದೆ. ಆಫ್ ಮಾಡಿದರೂ ಚಾನೆಲ್ ಬದಲಾಯಿಸಿದ ಮೇಲೆ ವಾಪಸ್ ಬರುತ್ತದೆ.

ಮೆಕ್ಯಾನಿಕ್: ಸದ್ಯ, ರಿಸೀವರ್ ಉಳಿಯಿತು. ಆ ಟೋನ್ ಬರದೆ ಸೆಟ್ ಬಾಯಿ ಬಿಡುವುದಿಲ್ಲ. ಚಾನೆಲ್ ಮೋಡ್‌ನಲ್ಲಿ ಮೆನುವಿನಿಂದ ಆಫ್ ಮಾಡಿದ್ದು ಉಳಿಯುವುದಿಲ್ಲ. ಚರ್ಪ್‌ನಲ್ಲಿ ಆ ಚಾನೆಲ್‌ಗಳ ರಿಸೀವ್ ಟೋನ್ ತೆಗೆದು ಬರೆಯಿರಿ. ಬರೆಯುವಾಗ ಒಂದು ಸಲ ಅರ್ಧಕ್ಕೆ, ಇನ್ನೊಂದು ಸಲ ಕೊನೆಗೆ ನಿಂತರೆ ಪ್ಲಗ್ ಅಲ್ಲಾಡುತ್ತಿದೆ ಅಂತ ಅರ್ಥ. ಆಮೇಲೆ ಆಂಟೆನಾ ಹಾಕಿ, ಲೋ ಪವರ್‌ನಲ್ಲಿ ಟ್ರಾನ್ಸ್‌ಮಿಟ್ ಮಾಡಿ, ಇನ್ನೊಂದು ಸೆಟ್‌ನಲ್ಲಿ ದೂರದಿಂದ ಕೇಳಿ. ಹತ್ತಿರ ಮಾತ್ರ ಕೇಳಿಸಿದರೆ ಸೆಟ್ ಕಳಿಸಿಕೊಡಿ, ಫೈನಲ್ ನೋಡುತ್ತೇನೆ.

ಮೈಸೂರಿನ ಸದಸ್ಯ: ಮ್ಯಾಕ್ ಬಗ್ಗೆ ಕೇಳಿದ್ದೆ.

ದಾವಣಗೆರೆಯ ಸದಸ್ಯ: ಒತ್ತಿದೆ ಸರ್, ಆಗ್ತಿಲ್ಲ. ತುಮಕೂರಿನವರ ಲಿಂಕ್ ಹಾಕಲಾ?

ಮೆಕ್ಯಾನಿಕ್: ಬೇಡ ಅಂದೆನಲ್ಲ! ಪ್ಲಗ್ ಕೂತಿರುವ ಫೋಟೋ, ಡಿವೈಸ್ ಮ್ಯಾನೇಜರ್ ಫೋಟೋ, ಎರಡೂ ಹಾಕಿ. ಅಲ್ಲಿಯ ತನಕ ಇದಕ್ಕೆ ಉತ್ತರ ಬರೆಯುವುದಿಲ್ಲ.