ಮನೆ ಕಂದಾಯದ ರಸೀದಿಯಲ್ಲಿರುವ ಶಿಕ್ಷಣ ಕರದ ಲೆಕ್ಕವನ್ನು ಯಾರಲ್ಲಿ ಕೇಳಬೇಕು?

ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ, ತುಮಕೂರು ಜಿಲ್ಲೆ:
ಕಳೆದ ವಾರ ಪಂಚಾಯಿತಿಗೆ ಮನೆ ಕಂದಾಯ ಕಟ್ಟಿ ಬಂದೆ. ಕಂದಾಯ 900 ರೂಪಾಯಿ. ಅದರ ಕೆಳಗೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಕರಗಳ ಜೊತೆಗೆ ಶಿಕ್ಷಣ ಕರ 90 ರೂಪಾಯಿ ಎಂದಿದೆ. ನನ್ನ ಮಗಳು ಓದುವ ಸರ್ಕಾರಿ ಶಾಲೆಯಲ್ಲಿ 64 ಮಕ್ಕಳಿದ್ದಾರೆ. ಹೆಣ್ಣುಮಕ್ಕಳ ಶೌಚಾಲಯದ ನಲ್ಲಿಯಲ್ಲಿ ಜೂನ್‌ನಿಂದ ನೀರಿಲ್ಲ. ಮಗಳು ಬೆಳಿಗ್ಗೆ ಒಂದು ಲೋಟ ನೀರನ್ನೂ ಕುಡಿಯದೆ ಶಾಲೆಗೆ ಹೊರಡುತ್ತಾಳೆ. ಏಕೆಂದು ಕೇಳಿದರೆ ತಲೆ ತಗ್ಗಿಸುತ್ತಾಳೆ. ಸಮಿತಿಯಲ್ಲಿ ನಾನೂ ಇದ್ದೇನೆ. ಆದರೆ ಇದುವರೆಗೆ ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದ್ದೇನೆಯೇ ಹೊರತು ಒಮ್ಮೆಯೂ ಲೆಕ್ಕ ನೋಡಿಲ್ಲ. ಊರಿನವರೆಲ್ಲ ಕಟ್ಟುವ ಈ ಹಣ ನಮ್ಮ ಶಾಲೆಗೆ ಬರುತ್ತದೆಯೇ?

ಮಾಜಿ ಎಸ್‌ಡಿಎಂಸಿ ಅಧ್ಯಕ್ಷ, ಹಾಸನ:
ತಂಗಿ, ಎರಡು ಬಾಬ್ತುಗಳನ್ನು ಬೇರೆ ಬೇರೆಯಾಗಿ ಹಿಡಿಯಿರಿ. ನೀವು ಕಟ್ಟಿದ ಕರ ನೇರವಾಗಿ ನಿಮ್ಮ ಶಾಲೆಯ ಖಾತೆಗೆ ಬೀಳುವುದಿಲ್ಲ. ಎಷ್ಟು ವಸೂಲಾಯಿತು, ಎಲ್ಲಿಗೆ ಜಮೆಯಾಯಿತು ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಅರ್ಜಿ ಬರೆದು ಕೇಳಿ. ಪಂಚಾಯಿತಿಯ ಲೆಕ್ಕಪತ್ರ ಪರಿಶೀಲಿಸುವ ಜಮಾಬಂದಿಯ ದಿನದಂದೂ ಎಲ್ಲರ ಮುಂದೆ ಕೇಳಬಹುದು.

ನಿಮ್ಮ ನಲ್ಲಿಯ ದುಡ್ಡು ಇನ್ನೊಂದು ಬಾಬ್ತಿನಲ್ಲಿದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ 64 ಮಕ್ಕಳ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಅನುದಾನ ನಿಗದಿಯಾಗಿದೆ. ಅದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಹೋಗಬೇಕು. ಅನುದಾನ ಹೇಗೆ ಖರ್ಚಾಗುತ್ತಿದೆ ಎಂದು ನೋಡುವುದು ಸಮಿತಿಯ ಕೆಲಸ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದೂ ಅಲ್ಲಿಯೇ ಇದೆ.

ನಮ್ಮ ಶಾಲೆಯಲ್ಲಿ ನಗದು ಪುಸ್ತಕವನ್ನು ಜಗುಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದಿಸಿದೆವು. ಸುಣ್ಣಬಣ್ಣಕ್ಕೆ 7,000 ಎಂದು ಓದಿದಾಗ ಗಾರೆ ಕೆಲಸಕ್ಕೆ ಹೋಗುವ ತಾಯಿಯೊಬ್ಬರು ಎದ್ದು, “ಯಾವ ಗೋಡೆಗೆ ಸ್ವಾಮಿ?” ಎಂದರು. ಎಲ್ಲರೂ ಎದ್ದು ಹೋಗಿ ನೋಡಿದೆವು. ಬಿಸಿಯೂಟದ ಕೋಣೆಯ ಎದುರು ಗೋಡೆಗೆ ಮಾತ್ರ ಬಣ್ಣ ಬಳಿದಿತ್ತು. ಆ ತಾಯಿ ಉಗುರಿನಿಂದ ಕೆರೆದು, ಒಂದೇ ಕೋಟು ಹೊಡೆದಿದ್ದಾರೆ ಎಂದರು. ಮುಂದಿನ ತಿಂಗಳು ಉಳಿದ ಮೂರು ಗೋಡೆಗಳಿಗೂ ಬಣ್ಣ ಬಂತು.

ಮುಖ್ಯ ಶಿಕ್ಷಕಿ:
ಅಣ್ಣನವರ ಮಾತು ಸರಿ. ಆದರೆ ಅನುದಾನ ಕಂತಿನಲ್ಲಿ, ಎಷ್ಟೋ ಸಲ ತಡವಾಗಿ ಬರುತ್ತದೆ. ಫಿನಾಯಿಲು, ಸೀಮೆಸುಣ್ಣಕ್ಕೆ ನಾನೇ ಕೈಯಿಂದ ಹಾಕಿದ ತಿಂಗಳುಗಳಿವೆ. ದಯವಿಟ್ಟು ಅನುಮಾನದಿಂದ ಮಾತು ಶುರು ಮಾಡಬೇಡಿ ಅಮ್ಮ. ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳು ಮೊದಲೇ ಶಾಲಾ ಅಭಿವೃದ್ಧಿ ಯೋಜನೆ ಸಿದ್ಧವಾಗಬೇಕು. ಡಿಸೆಂಬರ್ ಸಭೆಯಲ್ಲಿ ನೀರಿನ ಕೆಲಸವನ್ನು ಅದರಲ್ಲಿ ಬರೆಸಿ. ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರೇ ಇದನ್ನು ಹೇಳುವಂತೆ ಧೈರ್ಯ ತುಂಬಿ.

ಎಸ್‌ಡಿಎಂಸಿ ಸದಸ್ಯೆ:
ಇಬ್ಬರಿಗೂ ನಮಸ್ಕಾರ. ಪಿಡಿಒ ಅವರಿಗೆ ಅರ್ಜಿ ಬರೆದಿಟ್ಟಿದ್ದೇನೆ. ಶನಿವಾರ ಸಭೆಯಿದೆ. ನಗದು ಪುಸ್ತಕವನ್ನೂ ಬಿಲ್ಲುಗಳನ್ನೂ ತರುವಂತೆ ನಮ್ಮ ಶಾಲೆಯ ಮೇಷ್ಟರಿಗೆ ಹೇಳಿದೆ, ಆಗಲಿ ಎಂದರು. ಓದಿದ ಮೇಲೆಯೇ ಸಹಿ ಹಾಕುತ್ತೇನೆ. ಹಾಗೆಯೇ ಎಲ್ಲರನ್ನೂ ಆ ನಲ್ಲಿಯ ಹತ್ತಿರ ಕರೆದುಕೊಂಡು ಹೋಗುತ್ತೇನೆ.